ಓಡಿಹೋದವರ ಜಾಣ್ಮೆಯೂ ಪಾಠವಾಗಲಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಗುಲಾಮಗಿರಿಯಿಂದ ತಾವೂ ಪಾರಾಗಿ ಇತರರನ್ನೂ ಬಿಡಿಸಿ ತಂದ ಹ್ಯಾರಿಯೆಟ್ ಟಬ್ಮನ್ ಕುರಿತ ಬರಹವನ್ನು ನಿಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ಓದಿ ಸಂತೋಷವಾಯಿತು. ಅಮೆರಿಕದ ಗುಲಾಮಗಿರಿಯ ಪಾಠವನ್ನು ಅಬ್ರಹಾಂ ಲಿಂಕನ್ ಅವರಿಂದ ಶುರುಮಾಡಿ ಅವರಲ್ಲಿಯೇ ಮುಗಿಸುವುದು ನಮ್ಮ ಹಳೆಯ ರೂಢಿ. ಅದನ್ನು ಮುರಿದದ್ದಕ್ಕೆ ಅಭಿನಂದನೆ. ಆದರೆ ಬರಹದ ಅಂಕಿಗಳು ದಂತಕಥೆಯವು. ಜೊತೆಗಿದ್ದ ಚಿತ್ರದಲ್ಲಂತೂ ಸುರಂಗದೊಳಗೆ ಹೊಗೆಯುಗುಳುತ್ತ ಸಾಗುವ ರೈಲು! ಭೂಗತ ರೈಲು ಎಂದು ಕರೆಸಿಕೊಂಡದ್ದು ಓಡಿಬರುವ ಗುಲಾಮರಿಗೆ ಆಶ್ರಯ ಕೊಡುವ ಮನೆಗಳ, ದಾರಿ ತೋರುವ ಜನರ ಗುಟ್ಟಿನ ಜಾಲ. ಅದಕ್ಕೆ ಹಳಿಯೂ ಇರಲಿಲ್ಲ, ಎಂಜಿನ್ನೂ ಇರಲಿಲ್ಲ.

ಹ್ಯಾರಿಯೆಟ್ 19 ಸಲ ಹೋಗಿ 300 ಜನರನ್ನು ಬಿಡಿಸಿ ತಂದರು, ಅವರನ್ನು ಹಿಡಿದುಕೊಟ್ಟವರಿಗೆ 40,000 ಡಾಲರ್ ಬಹುಮಾನವಿತ್ತು ಎಂದು ಬರೆದಿದ್ದೀರಿ. ಮೊದಲೆರಡು ಅಂಕಿಗಳು 1869ರ ಜೀವನಚರಿತ್ರೆಯೊಂದರಿಂದ ಹರಡಿದವು. ದಾಖಲೆಗಳನ್ನು ತಾಳೆ ನೋಡಿದ ಇತಿಹಾಸಕಾರರ ಲೆಕ್ಕ ಸುಮಾರು 13 ಪ್ರಯಾಣ, ಸುಮಾರು 70 ಜನ. ಬೇಟೆನಾಯಿಗಳ ಕಣ್ಣುತಪ್ಪಿಸಿ ಎಪ್ಪತ್ತು ಜನರನ್ನು ಕರೆತರುವುದು ಸಣ್ಣ ಮಾತೇ? ಇನ್ನು 40,000 ಡಾಲರಿಗೆ ಆಧಾರವಿಲ್ಲ. ಆಧಾರವಿರುವುದು 1849ರ ಅಕ್ಟೋಬರ್‌ನಲ್ಲಿ ಮೇರಿಲ್ಯಾಂಡ್‌ನ ಎಲಿಜಾ ಬ್ರೋಡೆಸ್ ಎಂಬ ಒಡತಿ, ಓಡಿಹೋದ ಮೂವರನ್ನು ಹಿಡಿದುಕೊಡಿ ಎಂದು ಕೊಟ್ಟ ಜಾಹೀರಾತಿಗೆ. ಮಿಂಟಿ, ಸುಮಾರು 27 ವರ್ಷ, ಸುಮಾರು ಐದಡಿ ಎತ್ತರ. ಆಕೆಯ ಜೊತೆ ಹೋದ ತಮ್ಮಂದಿರು ಬೆನ್ ಮತ್ತು ಹ್ಯಾರಿ. ರಾಜ್ಯದೊಳಗೆ ಹಿಡಿದರೆ ತಲಾ 50 ಡಾಲರ್, ಹೊರಗೆ ಹಿಡಿದರೆ ತಲಾ 100. ಹಿಡಿದವರನ್ನು ಬಾಲ್ಟಿಮೋರ್, ಈಸ್ಟನ್ ಅಥವಾ ಕೇಂಬ್ರಿಜ್ ಜೈಲಿಗೆ ಒಪ್ಪಿಸಬೇಕು. ಈ ಮಿಂಟಿಯೇ ಹ್ಯಾರಿಯೆಟ್. ಆ ಸಲ ತಮ್ಮಂದಿರು ಹೆದರಿ ಹಿಂತಿರುಗಿದರು. ಅನಂತರ ಆಕೆ ಒಬ್ಬಳೇ ಹೋದಳು.

ಸಮಾಜ ವಿಜ್ಞಾನ ಕಲಿಸಿದವನಾಗಿ ಹೇಳುವುದಾದರೆ, ಈ ಒಂದು ಜಾಹೀರಾತು ಸಾಕು, ಎರಡು ಪೀರಿಯಡ್ ನಡೆಯುತ್ತದೆ. ರಾಜ್ಯದ ಗಡಿ ದಾಟಿದೊಡನೆ ಬೆಲೆ ಇಮ್ಮಡಿಯಾದದ್ದೇಕೆ? ಒಬ್ಬರ ಖಾಸಗಿ ನಷ್ಟಕ್ಕೆ ಸರ್ಕಾರದ ಜೈಲು ಬಾಗಿಲು ತೆರೆದುಕೊಂಡಿದ್ದೇಕೆ? ಇದರ ಪಕ್ಕಕ್ಕೆ, ಓಡಿಹೋದ ಗುಲಾಮರನ್ನು ಹಿಡಿದು ಒಡೆಯರಿಗೆ ಒಪ್ಪಿಸುವ 1850ರ ಕಾಯಿದೆಯನ್ನು ಇಡಬೇಕು. ಸಿಕ್ಕಿಬಿದ್ದ ವ್ಯಕ್ತಿಗೆ ಆ ಕಾಯಿದೆಯಡಿ ಸಾಕ್ಷಿ ಹೇಳುವ ಹಕ್ಕಿರಲಿಲ್ಲ. ವಿಚಾರಣೆ ನಡೆಸಿದ ಕಮಿಷನರ್ ಒಡೆಯನ ಪರ ತೀರ್ಪು ಕೊಟ್ಟರೆ 10 ಡಾಲರ್ ಶುಲ್ಕ, ಬಿಟ್ಟುಬಿಟ್ಟರೆ 5. ನ್ಯಾಯ ಯಾವ ಕಡೆ ವಾಲುತ್ತದೆಂದು ಏಳನೇ ತರಗತಿಯ ಮಕ್ಕಳಿಗೆ ಮತ್ತೆ ವಿವರಿಸಬೇಕಾಗಿಲ್ಲ.

ದಂತಕಥೆಯ ಮೇಲೆ ನನಗಿರುವ ಸಿಟ್ಟು ಅಂಕಿಗಳಿಗಷ್ಟೇ ಸಂಬಂಧಿಸಿದ್ದಲ್ಲ. ಅದು ಓಡಿಹೋದವರ ಬುದ್ಧಿಯನ್ನು ಮರೆಸಿ ಪವಾಡವನ್ನು ಮುಂದಿಡುತ್ತದೆ. ಹ್ಯಾರಿಯೆಟ್ ಪ್ರಯಾಣಕ್ಕೆ ಚಳಿಗಾಲದ ದೀರ್ಘ ರಾತ್ರಿಗಳನ್ನು ಆರಿಸಿಕೊಳ್ಳುತ್ತಿದ್ದರು. ಶನಿವಾರ ಸಂಜೆ ಹೊರಟರೆ ಸೋಮವಾರದವರೆಗೆ ಪತ್ರಿಕೆಯಲ್ಲಿ ಜಾಹೀರಾತು ಬರುವಂತಿರಲಿಲ್ಲ. ಮರ ಕಡಿಸುವ ಕೆಲಸದಲ್ಲಿದ್ದ ತಂದೆಯ ಜೊತೆ ದುಡಿದು ಕಾಡಿನ ಪರಿಚಯ ಪಡೆದಿದ್ದರು. ಜಾರ್ಜಿಯಾದ ಎಲೆನ್ ಕ್ರಾಫ್ಟ್ 1848ರ ಡಿಸೆಂಬರ್‌ನಲ್ಲಿ ರೋಗಿಷ್ಠ ಬಿಳಿಯ ಯಜಮಾನನ ವೇಷ ತೊಟ್ಟು, ಗಂಡ ವಿಲಿಯಂನನ್ನು ಆಳೆಂದು ತೋರಿಸಿ, ಹಗಲಿನಲ್ಲೇ ರೈಲು, ಹಡಗು ಹತ್ತಿ ಕ್ರಿಸ್‌ಮಸ್ ದಿನ ಗುಲಾಮಗಿರಿ ಇಲ್ಲದ ಉತ್ತರದ ಫಿಲಡೆಲ್ಫಿಯಾ ಮುಟ್ಟಿದರು. (ನಿಮ್ಮ ಚಿತ್ರಕಾರರು ರೈಲು ಬರೆಯಲೇಬೇಕಿದ್ದರೆ ಇದನ್ನು ಬರೆಯಬಹುದಿತ್ತು.) ಬಲಗೈಯನ್ನು ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ತೂಗುಹಾಕಿಕೊಂಡಿದ್ದೇಕೆ? ಆಕೆಗೆ ಬರೆಯಲು ಬರುತ್ತಿರಲಿಲ್ಲ, ಹೋಟೆಲಿನ ರಿಜಿಸ್ಟರಿನಲ್ಲಿ ಸಹಿ ಕೇಳುತ್ತಿದ್ದರು. ಅಕ್ಷರ ಕಲಿಸುವುದನ್ನೇ ಅಪರಾಧವಾಗಿಸಿದ್ದ ನಾಡು ಅದು.

ಗುಲಾಮಗಿರಿಯಿಂದ ತಪ್ಪಿಸಿಕೊಳ್ಳಲು ಮರದ ಪೆಟ್ಟಿಗೆಯೊಳಗೆ ತನ್ನನ್ನೇ ಪಾರ್ಸೆಲ್ ಮಾಡಿಕೊಂಡ ಹೆನ್ರಿ ಬ್ರೌನ್ ಕಥೆಯನ್ನೂ ನೀವು ಹೇಳಿದ್ದೀರಿ. 1849, ಮೂರಡಿ ಉದ್ದದ ಪೆಟ್ಟಿಗೆ, 27 ಗಂಟೆ, ಎಲ್ಲ ಸರಿಯಾಗಿದೆ. ಆದರೆ ಹಿಂದಿನ ವರ್ಷ ಅವರ ಬಸುರಿ ಹೆಂಡತಿಯನ್ನೂ ಮೂವರು ಮಕ್ಕಳನ್ನೂ ಬೇರೆ ರಾಜ್ಯಕ್ಕೆ ಮಾರಿದ್ದರು. ಅದನ್ನು ಬಿಟ್ಟರೆ ಪೆಟ್ಟಿಗೆ ಬರೀ ಜಾದೂ ಆಗುತ್ತದೆ.

ಬರಹದ ಅರ್ಧದಷ್ಟು ಜಾಗ ಆಶ್ರಯ ಕೊಟ್ಟ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಬಿಳಿಯ ಕುಟುಂಬಗಳ ದಯೆಗೆ ಹೋಗಿದೆ. ಅವರ ಉಪಕಾರ ದೊಡ್ಡದೇ. ಆದರೆ ಫಿಲಡೆಲ್ಫಿಯಾದ ಗುಲಾಮಗಿರಿ ವಿರೋಧಿ ಸಂಘದ ಕಪ್ಪು ಗುಮಾಸ್ತ ವಿಲಿಯಂ ಸ್ಟಿಲ್ ಅವರ ಹೆಸರೂ ಅಲ್ಲಿಲ್ಲ. ಓಡಿಬಂದವರ ಹೆಸರು, ಬಿಟ್ಟುಬಂದ ಬಂಧುಗಳ ವಿವರಗಳನ್ನು ಅವರು ಬರೆದು, ಬಚ್ಚಿಟ್ಟು, 1872ರಲ್ಲಿ ಪ್ರಕಟಿಸಿದರು. 1850ರಲ್ಲಿ ತಂದೆತಾಯಿಯನ್ನು ಹುಡುಕಿಕೊಂಡು ಬಂದ ಪೀಟರ್ ಎಂಬಾತನ ಕಥೆ ಕೇಳುತ್ತ ಕೇಳುತ್ತ, ಈತ ತನ್ನ ಒಡಹುಟ್ಟಿದ ಅಣ್ಣ ಎಂದು ಅವರಿಗೆ ಗೊತ್ತಾಯಿತು. ಅವರ ತಾಯಿ ಮೊದಲ ಸಲ ನಾಲ್ಕು ಮಕ್ಕಳೊಂದಿಗೆ ಓಡಿ ಸಿಕ್ಕಿಬಿದ್ದಿದ್ದರು. ಎರಡನೆಯ ಸಲ ಇಬ್ಬರು ಹೆಣ್ಣುಮಕ್ಕಳನ್ನು ಮಾತ್ರ ಕರೆದೊಯ್ದು, ಗಂಡುಮಕ್ಕಳಿಬ್ಬರನ್ನು ಬಿಟ್ಟುಹೋದರು. ಅವರಲ್ಲೊಬ್ಬ ಪೀಟರ್. ಇನ್ನೊಬ್ಬ ಗುಲಾಮಗಿರಿಯಲ್ಲೇ ಸತ್ತ. ಎಲ್ಲರೂ ಯಾಕೆ ಓಡಿಹೋಗಲಿಲ್ಲ ಸಾರ್ ಎಂದು ಪ್ರತಿ ತರಗತಿಯಲ್ಲೂ ಒಂದು ಮಗು ಕೇಳುತ್ತದೆ. 1860ರಲ್ಲಿ ಅಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು, ಪಾರಾದವರು ಅತಿ ಸಣ್ಣ ಪಾಲು. ಆ ಮಗುವಿಗೆ ನಾನು ಈ ತಾಯಿಯ ಕಥೆ ಹೇಳುತ್ತಿದ್ದೆ.

ಕೊನೆಯಲ್ಲಿ 'ಮಾಡಿ ನೋಡಿ' ಎಂಬ ಚೌಕಟ್ಟಿನಲ್ಲಿ, ಕೆಲವು ಮಕ್ಕಳು ಗುಲಾಮರಾಗಿ, ಕೆಲವರು ಒಡೆಯರಾಗಿ ಅಟ್ಟಿಸಿಕೊಂಡು ಹೋಗುವ ಆಟ ಸೂಚಿಸಿದ್ದೀರಿ. ದಯವಿಟ್ಟು ಇದನ್ನು ಹಿಂಪಡೆಯಿರಿ. ಅಮೆರಿಕದ ಶಾಲೆಗಳಲ್ಲೇ ಇಂಥ ಆಟಗಳಿಗೆ ಪೋಷಕರು ವಿರೋಧ ವ್ಯಕ್ತಪಡಿಸಿದ್ದಾರೆ. ನಮ್ಮ ಯಲ್ಲಾಪುರ, ಹಳಿಯಾಳದ ಶಾಲೆಗಳಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳಿದ್ದಾರೆ. ಆಟದಲ್ಲಿ ಗುಲಾಮರಾಗುವವರು ಯಾರೆಂದು ಉಳಿದ ಮಕ್ಕಳು ತಾವೇ ನಿರ್ಧರಿಸಿಬಿಡುತ್ತಾರೆ, ಮೇಷ್ಟ್ರು ಹೇಳಬೇಕಾಗಿಲ್ಲ.

ಸಿದ್ದಿಗಳ ಪೂರ್ವಿಕರಲ್ಲಿ ಹಲವರು ಪೋರ್ಚುಗೀಸರು ಆಫ್ರಿಕಾದ ಪೂರ್ವ ಕರಾವಳಿಯಿಂದ ಗೋವಾಕ್ಕೆ ತಂದ ಗುಲಾಮರು. ಅಲ್ಲಿಂದ ತಪ್ಪಿಸಿಕೊಂಡು ಸಹ್ಯಾದ್ರಿಯ ಕಾಡು ಸೇರಿದವರ ವಂಶ ಉತ್ತರ ಕನ್ನಡದಲ್ಲಿ ಬೆಳೆಯಿತು. 2003ರಲ್ಲಿ ಈ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಮೇರಿಲ್ಯಾಂಡ್‌ನ ಪಾಠದ ಮರುವಾರ ಗೋವಾದಿಂದ ಘಟ್ಟ ಹತ್ತಿದವರ ಬಗ್ಗೆಯೂ ಮಕ್ಕಳ ಪುಟದಲ್ಲಿ ಬರಹ ಬರಲಿ. ಅದನ್ನು ಬೆಂಗಳೂರಿನಲ್ಲಿ ಕುಳಿತು ಬರೆಸುವ ಬದಲು ಸಿದ್ದಿ ಸಮುದಾಯದ ಪದವೀಧರರೊಬ್ಬರಿಂದ, ಅವರ ಹೆಸರು ಹಾಕಿ, ಸಂಭಾವನೆ ಕೊಟ್ಟು ಬರೆಸಿ.

ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ
ಯಲ್ಲಾಪುರ