ಹತ್ತು ದಿನಕ್ಕೆ ಲಂಡನ್ನಿಗೆ ಬರುವ ರಾಘುವಿಗೆ

ಪ್ರೀತಿಯ ರಾಘು,

"20ಕ್ಕೆ ಬರ್ತಿದ್ದೀವಿ. ಹತ್ತು ದಿನ. ಏನೇನು ನೋಡಬೇಕು, ಲಿಸ್ಟ್ ಕಳಿಸು" ಅಂತ ಮೆಸೇಜ್ ಹಾಕಿದ್ದೀಯ. ವಾಟ್ಸಾಪಿನಲ್ಲೇ ಉತ್ತರ ಕೊಟ್ಟರೆ ಅಂಗಡಿಯ ಗಲಾಟೆಯಲ್ಲಿ ಹೆಬ್ಬೆರಳು ಒತ್ತಿ ಮುಗಿಸುತ್ತೀಯ. ಅದಕ್ಕೇ ಇಲ್ಲಿ, ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ. ಊರೆಲ್ಲ ಓದಿದ ಮೇಲೆ ನೀನೂ ಓದಲೇಬೇಕು. ನಮ್ಮ ಬ್ಯಾಚಿನವರು ಯಾರಾದರೂ ನೋಡಿದರೆ ದಯವಿಟ್ಟು ಕೊಡೆ ವಿಷಯ ಎತ್ತಬೇಡಿ.

ಮೊದಲು ಕೆಲಸದ ಮಾತು. ಲಂಡನ್ ಐ ಅನ್ನುವ ದೊಡ್ಡ ಚಕ್ರ, ಮೇಣದ ಗೊಂಬೆ, ಟವರ್ ಬ್ರಿಜ್ ಇವನ್ನೆಲ್ಲ ನಿನ್ನ ಭಾವಮೈದುನ ಹೇಗೂ ತೋರಿಸುತ್ತಾನೆ. ಟಿಕೆಟ್ ಮಾತ್ರ ಈಗಲೇ ಆನ್‌ಲೈನಿನಲ್ಲಿ ತೆಗೆಸಿಡು. ಬ್ರಿಟಿಷ್ ಮ್ಯೂಸಿಯಮ್ಮಿಗೂ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿಗೂ ದುಡ್ಡಿಲ್ಲ. ಪುಟ್ಟಿಗೆ ಡೈನೋಸಾರ್ ಮೂಳೆ ಸಾಕು, ಅರ್ಧ ದಿನ ಕಳೆಯುತ್ತಾಳೆ. 11 ವರ್ಷದ ಒಳಗಿನ ಮಕ್ಕಳಿಗೆ ಬಸ್ಸಿನಲ್ಲೂ ಟಿಕೆಟ್ ಇಲ್ಲ. ನಿಮ್ಮ ಅತ್ತೆಯೂ ಬರ್ತಿದ್ದಾರಲ್ಲ, ಅವರನ್ನು ತೇಮ್ಸ್ ದಂಡೆಯ ಬಸವಣ್ಣನ ಮೂರ್ತಿಯ ಹತ್ತಿರ ಕರೆದುಕೊಂಡು ಹೋಗು. 2015ರ ನವೆಂಬರಿನಲ್ಲಿ ಇಟ್ಟದ್ದು. ನದಿಯ ಆಚೆ ದಡದಲ್ಲಿ ಪಾರ್ಲಿಮೆಂಟ್ ಕಾಣುತ್ತದೆ. ನೀವು ಬರುವ ಹೊತ್ತಿಗೆ ಸೂರ್ಯ ಮುಳುಗುವುದು ರಾತ್ರಿ ಎಂಟರ ಮೇಲೆ. ಸಂಜೆಯ ತಿಂಡಿ ಎರಡು ಸಲ ಬೇಕಾಗುತ್ತದೆ, ಚಕ್ಕುಲಿ ಜಾಸ್ತಿ ತಾ. ಸ್ವೆಟರ್ ಒಂದಿರಲಿ, ಹತ್ತಿ ಬಟ್ಟೆಯೂ ಇರಲಿ. ಇಲ್ಲಿಯ ಬೇಸಿಗೆ ಮೊದಲಿನ ಹಾಗಿಲ್ಲ. 2022ರ ಜುಲೈ 19ಕ್ಕೆ ಈ ದೇಶದಲ್ಲಿ ಮೊದಲ ಸಲ 40 ಡಿಗ್ರಿ ದಾಟಿತು. ನೆಲದಡಿಯ ಎಷ್ಟೋ ರೈಲುಗಳಲ್ಲಿ ಇವತ್ತಿಗೂ ಎಸಿ ಇಲ್ಲ.

ಇಷ್ಟು ಎಲ್ಲರಿಗೂ ಹೇಳುವುದು. ನಿನಗೆ ಕೊಡಬೇಕು ಅಂತಿರುವ ಲಿಸ್ಟ್ ಬೇರೆ. ಅದು ನಾನು ಬರೆದದ್ದಲ್ಲ. ಪೆನ್ಸಿಲಿನಲ್ಲಿ ಬರೆದ ಒಂದು ಚೀಟಿ, ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ.

ವಿದ್ಯಾ ಮಗನನ್ನು ಕರೆದುಕೊಂಡು ಊರಿಗೆ ಹೋಗಿದ್ದು ನಿನಗೆ ಗೊತ್ತು. ಮೊನ್ನೆ ನಿನ್ನ ಅಂಗಡಿಗೂ ಬಂದಿದ್ದರಂತೆ, ನೀನು ಕೊಟ್ಟ ಶುಂಠಿ ಪೆಪ್ಪರಮೆಂಟಿನ ಬಗ್ಗೆ ಅವನು ಫೋನಿನಲ್ಲಿ ಹತ್ತು ನಿಮಿಷ ಮಾತಾಡಿದ. ಅವರು ಹೊರಟ ಮೇಲಿನ ಶನಿವಾರ ಮನೆಯಲ್ಲಿ ಕೂರಲು ಆಗಲಿಲ್ಲ. ಪ್ರಾಮ್ಸ್‌ಗೆ ಹೋದೆ.

ಪ್ರಾಮ್ಸ್ ಅಂದರೆ ಬೇಸಿಗೆಯ ಎಂಟು ವಾರ ಹೆಚ್ಚುಕಡಿಮೆ ದಿನಾ ಸಂಜೆ ನಡೆಯುವ ಸಂಗೀತ ಕಛೇರಿ. 1895ರಲ್ಲಿ ಶುರುವಾದದ್ದು. ಮೊದಲು ಬೇರೆ ಹಾಲಿನಲ್ಲಿ ನಡೆಯುತ್ತಿತ್ತು. 1941ರಲ್ಲಿ ಜರ್ಮನಿಯ ಬಾಂಬು ಬಿದ್ದು ಆ ಹಾಲ್ ಹಾಳಾಯಿತು, ಆಮೇಲೆ ರಾಯಲ್ ಆಲ್ಬರ್ಟ್ ಹಾಲಿಗೆ ಬಂತು. ದುಡ್ಡಿಲ್ಲದವರೂ ಒಳ್ಳೆಯ ಸಂಗೀತ ಕೇಳಲಿ ಅಂತ ಶುರುವಿನಲ್ಲೇ ಅಗ್ಗದ ಟಿಕೆಟ್ ಇಟ್ಟರು. ಅದು ಇವತ್ತಿಗೂ ಇದೆ. ನಿಂತು ಕೇಳಲು ಕೆಲವೇ ಪೌಂಡ್. ನಿಲ್ಲುವವರ ಜಾಗ ಎಲ್ಲಿ ಗೊತ್ತಾ? ವೇದಿಕೆಯ ಎದುರಿಗೇ. ಯಕ್ಷಗಾನದ ಟೆಂಟಿನಲ್ಲಿ ನೆಲದ ಟಿಕೆಟ್ ತಗೊಂಡು ಮೆಲ್ಲಗೆ ಮುಂದೆ ಸರಿದು ಸರಿದು ಚೆಂಡೆಯ ಹತ್ತಿರ ಹೋಗಿ ಕೂರುತ್ತಿದ್ದೆವಲ್ಲ, ಹಾಗೆ. ಇಲ್ಲಿ ಸರಿಯಬೇಕಾಗಿಲ್ಲ, ಅವರೇ ಮುಂದೆ ಬಿಡುತ್ತಾರೆ.

ತಲೆ ಎತ್ತಿದರೆ ಚಾವಣಿಯಿಂದ ದೊಡ್ಡ ದೊಡ್ಡ ಅಣಬೆಗಳು ನೇತಾಡುತ್ತವೆ. ಫೈಬರಿನ ತಟ್ಟೆಗಳು. ಗುಂಡನೆಯ ಹಾಲ್, ಮೇಲೆ ಗುಮ್ಮಟ. ಮೊದಲು ಒಂದು ಸ್ವರ ನುಡಿಸಿದರೆ ಎರಡು ಕೇಳುತ್ತಿತ್ತಂತೆ. ಅದನ್ನು ತಡೆಯಲು 1969ರಲ್ಲಿ ಕಟ್ಟಿದ್ದು. ನಾನು ಬಾಯಿ ಬಿಟ್ಟುಕೊಂಡು ಅದನ್ನೇ ನೋಡುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಒಬ್ಬ ಅಜ್ಜಿ ಇದನ್ನೆಲ್ಲ ವಿವರಿಸಿದರು. ಎಪ್ಪತ್ತೈದರ ಮೇಲಿನ ವಯಸ್ಸು, ಕೈಯಲ್ಲಿ ಬಟ್ಟೆ ಚೀಲ. ನಲವತ್ತು ವರ್ಷದಿಂದ ಇದೇ ಕಡೆ ನಿಲ್ಲುತ್ತಾರಂತೆ.

"ರಜೆಗೆ ಬಂದಿದ್ದೀರಾ?" ಅಂತ ಕೇಳಿದರು.

"ಹೌದು" ಅಂದೆ. "ಹತ್ತು ದಿನ."

ರಾಘು, ಈ ಊರಿಗೆ ಬಂದು ನನಗೆ ಒಂಬತ್ತು ವರ್ಷವಾಯಿತು.

ಯೋಚನೆ ಮಾಡಿ ಹೇಳಿದ ಸುಳ್ಳಲ್ಲ. ಬಾಯಿ ತಾನಾಗಿ ಹೇಳಿಬಿಟ್ಟಿತು. ಹೇಳಿದ ಕೂಡಲೇ ಮೈ ಹಗುರಾಯಿತು ನೋಡು, ಅದೇ ನನಗೆ ಈಗಲೂ ಕಾಡುತ್ತಿರುವುದು. ಅಜ್ಜಿಗೆ ಖುಷಿಯೋ ಖುಷಿ. ಇಂಡಿಯಾದಲ್ಲಿ ಎಲ್ಲಿ ಅಂದರು. ತೀರ್ಥಹಳ್ಳಿ ಅಂದರೆ ಗೊತ್ತಾಗುವುದಿಲ್ಲ ಅಂತ ಮೈಸೂರಿನ ಕಡೆ ಅಂದೆ. ಅವರ ಕಣ್ಣು ಅರಳಿತು. "ಮೈಸೂರು! ನಿಮ್ಮ ಮಹಾರಾಜರಿಗೆ ಈ ಹಾಲ್ ಒಂದು ಸಾಲ ತೀರಿಸಬೇಕಿದೆ" ಅಂದರು.

ಕತೆ ಇದು. ಜರ್ಮನಿಯ ಸಂಗೀತಗಾರ ರಿಚರ್ಡ್ ಸ್ಟ್ರಾಸ್ ತನ್ನ ಕೊನೆಗಾಲದಲ್ಲಿ ನಾಲ್ಕು ಹಾಡು ಬರೆದಿಟ್ಟು 1949ರಲ್ಲಿ ತೀರಿಕೊಂಡ. ಅವನ್ನು ಮೊದಲ ಸಲ ಹಾಡಿದ್ದು 1950ರ ಮೇ 22ರಂದು, ಇದೇ ಆಲ್ಬರ್ಟ್ ಹಾಲಿನಲ್ಲಿ. ಆ ಕಛೇರಿಗೆ ದುಡ್ಡಿನ ಜವಾಬ್ದಾರಿ ಹೊತ್ತವರು ನಮ್ಮ ಜಯಚಾಮರಾಜ ಒಡೆಯರು. ಅವರು ಬರಲಿಲ್ಲ. ಹಾಡಿದ್ದನ್ನು ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸಿ ಅಂದರು, ಅಷ್ಟೇ. ಅವರು ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದವರು ಅಂತ ನಮಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ ಅಲ್ವಾ? ಆ ಹಾಲಿನ ನೆಲದ ಮೇಲೆ ನಿಂತು, ಒಬ್ಬ ಇಂಗ್ಲಿಷ್ ಅಜ್ಜಿಯಿಂದ ಮೈಸೂರಿನ ಕತೆ ಕೇಳುವಾಗ ನನಗೆ ಗಂಟಲು ಕಟ್ಟಿತು.

ಇಂಟರ್ವಲ್ಲಿನಲ್ಲಿ ಎಲ್ಲರೂ ನೆಲದ ಮೇಲೆ ಕೂತರು. ಅಜ್ಜಿ ಚೀಲದಿಂದ ಚೆರಿ ಹಣ್ಣಿನ ಡಬ್ಬಿ ತೆಗೆದು ನನಗೂ ಕೊಟ್ಟರು. "ಹತ್ತು ದಿನ ಅಂದರೆ ಹಾಳು ಮಾಡಬಾರದು" ಅಂತ ಹೇಳಿ ಒಂದು ಕಾಗದ ಹರಿದು, ಮೊಣಕಾಲ ಮೇಲಿಟ್ಟುಕೊಂಡು ಐದು ಸಾಲು ಬರೆದರು. ಅದೇ ಚೀಟಿ.

ಮೊದಲನೆಯದು 24ನೇ ನಂಬರಿನ ಬಸ್ಸು. ಪಿಮ್ಲಿಕೋದಲ್ಲಿ ಹತ್ತಿ ಮಹಡಿಯ ಮುಂದಿನ ಸೀಟಿನಲ್ಲಿ ಕೂರುವುದು. ಪಾರ್ಲಿಮೆಂಟ್, ಟ್ರಫಾಲ್ಗರ್ ಚೌಕ, ಕ್ಯಾಮ್ಡೆನ್ ಎಲ್ಲ ಕಿಟಕಿಯಲ್ಲೇ ಬಂದು ಹೋಗುತ್ತದೆ. ಕೊನೇ ಸ್ಟಾಪು ಹ್ಯಾಂಪ್‌ಸ್ಟೆಡ್ ಹೀತ್. ಅಲ್ಲಿ ಇಳಿದರೆ ಎರಡನೆಯದು ಸಿಗುತ್ತದೆ, ಕೊಳ.

ಅದರ ಬಗ್ಗೆ ನಿನಗೆ ಹೇಳಲೇಬೇಕು ಮಾರಾಯ. ಹೀತ್ ಅಂದರೆ ಊರಿನ ನಡುವೆ ಎಂಟುನೂರು ಎಕರೆ ಹತ್ತಿರದ ಹುಲ್ಲು, ಮರ, ಗುಡ್ಡ. ಹಿಂದೆ ಊರಿಗೆ ನೀರು ಕೊಡಲು ಕಟ್ಟಿದ ಕೊಳಗಳಲ್ಲಿ ಮೂರನ್ನು ಈಜಲು ಬಿಟ್ಟಿದ್ದಾರೆ. ಗಂಡಸರಿಗೊಂದು, ಹೆಂಗಸರಿಗೊಂದು, ಎಲ್ಲರಿಗೂ ಒಂದು. ನೀರು ನೀಲಿ ಅಲ್ಲ, ಚಹಾದ ಡಿಕಾಕ್ಷನ್ ಬಣ್ಣ. ಮೆಟ್ಟಿಲಿಳಿದು ಬಿಟ್ಟುಕೊಂಡೆ. ಕಾಲಿಗೆ ನೆಲ ಸಿಗಲಿಲ್ಲ. ಚಳಿಗೆ ಉಸಿರು ನಿಂತೇ ಹೋಯಿತು. ನಾಲ್ಕು ಕೈ ಹಾಕಿದ ಮೇಲೆ ಮೂಗಿಗೆ ಒಂದು ವಾಸನೆ ಬಂತು, ಎಲೆ ಕೊಳೆತ, ಮಣ್ಣಿನ ವಾಸನೆ. ರಾಮತೀರ್ಥದ ಕೆಳಗೆ, ನಾವು ಬಟ್ಟೆ ಬಂಡೆಗೆ ಇಟ್ಟು ತುಂಗೆಗೆ ಹಾರುತ್ತಿದ್ದ ಕಡೆಯ ಅದೇ ವಾಸನೆ. ಒಂದು ಬಾತುಕೋಳಿ ನನ್ನ ಕಣ್ಣಿನ ಮಟ್ಟದಲ್ಲೇ ಈಜಿಕೊಂಡು ಹೋಯಿತು. ಅದರ ಕೊಕ್ಕಿನ ಕೆಳಗೆ ನೀರಿನ ಒಂದು ಹನಿ ತೂಗುತ್ತಿತ್ತು. ಅಷ್ಟು ಹತ್ತಿರ. ಒಂಬತ್ತು ವರ್ಷದಲ್ಲಿ ಈ ಊರು ನನ್ನ ಮೈಗೆ ತಾಗಿದ್ದು ಅದೇ ಮೊದಲು ಅನ್ನಿಸಿತು. ನೀನು ಬಂದಾಗ ಹೋಗಲೇಬೇಕು. ಟವೆಲ್ ನಾನೇ ತರುತ್ತೇನೆ.

ಮೂರನೆಯದು ಗ್ಲೋಬ್ ಥಿಯೇಟರ್. ಶೇಕ್ಸ್‌ಪಿಯರನ ಕಾಲದ್ದರ ಹಾಗೇ ಮರದಲ್ಲಿ ಕಟ್ಟಿ 1997ರಲ್ಲಿ ತೆರೆದದ್ದು. ಮಾಡಿಗೆ ಹುಲ್ಲು ಹೊದೆಸಿದ್ದಾರೆ, ನಮ್ಮ ಅಜ್ಜನ ಮನೆಯ ಕೊಟ್ಟಿಗೆ ನೆನಪಾಯಿತು. 1666ರಲ್ಲಿ ಲಂಡನ್ ಸುಟ್ಟ ಮೇಲೆ ಈ ಊರಿನಲ್ಲಿ ಹುಲ್ಲಿನ ಮಾಡಿಗೆ ಅನುಮತಿ ಸಿಕ್ಕಿದ್ದು ಇದಕ್ಕೇ ಮೊದಲು. ಅಂಗಳದಲ್ಲಿ ನಿಂತು ನೋಡಲು ಟಿಕೆಟ್ ಅಗ್ಗ. ಅಂಗಳಕ್ಕೆ ಮಾಡಿಲ್ಲ. ಮಳೆ ಬಂದರೆ ನೆನೆಯಬೇಕು. ಕೊಡೆ ಬಿಚ್ಚುವಂತಿಲ್ಲ. (ನಗಬೇಡ.)

ನಾಲ್ಕನೆಯದು ಸಾಮರ್‌ಸೆಟ್ ಹೌಸಿನ ಕಾರಂಜಿ. ದೊಡ್ಡ ಕಲ್ಲು ಕಟ್ಟಡದ ಅಂಗಳ. ನೆಲದಿಂದಲೇ 55 ಕಡೆ ನೀರು ಚಿಮ್ಮುತ್ತದೆ. ಮಕ್ಕಳೆಲ್ಲ ಕಿರುಚಿಕೊಂಡು ನುಗ್ಗುತ್ತವೆ. ಅಪ್ಪಂದಿರು ಚಪ್ಪಲಿ, ಬಟ್ಟೆ ಹಿಡಿದುಕೊಂಡು ಸುಮ್ನೆ ನಿಂತಿರುತ್ತಾರೆ. ಪುಟ್ಟಿಗೆ ಒಂದು ಜೊತೆ ಬಟ್ಟೆ ಜಾಸ್ತಿ ಇಟ್ಟುಕೊಂಡು ಹೋಗಿ. ನಾನು ಹೋದಾಗ ಒಬ್ಬ ಹುಡುಗ, ನಮ್ಮವನಷ್ಟೇ ವಯಸ್ಸು, ಒಂದು ಕಾರಂಜಿಯ ಬಾಯಿಯನ್ನು ಪಾದದಲ್ಲಿ ಒತ್ತಿ ಹಿಡಿದು ನೀರನ್ನು ಪಕ್ಕಕ್ಕೆ ಹಾರಿಸುತ್ತಿದ್ದ. ಅವನನ್ನು ನೋಡುತ್ತಾ ನಿಂತೆ. ನನ್ನ ಮಗ ಹುಟ್ಟಿದ್ದು ಇದೇ ಊರಿನಲ್ಲಿ. ಅವನಿಗೆ ಈಗ ಏಳು ವರ್ಷ. ಅವನನ್ನು ಒಂದು ದಿನವೂ ಇಲ್ಲಿಗೆ ಕರೆದುಕೊಂಡು ಬಂದಿರಲಿಲ್ಲ. ನೆಂಟರು ಬಂದಾಗ ದೊಡ್ಡ ಚಕ್ರ ತೋರಿಸಿದ್ದೇನೆ, ನೆಂಟರ ಜೊತೆ ಅವನೂ ನೋಡಿದ್ದಾನೆ. ಬೇಸಿಗೆ ಅನ್ನುವುದು ನೆಂಟರಿಗೆ, ನಮಗೆ ಆಫೀಸು, ಈಸ್ಟ್ ಹ್ಯಾಮಿನ ಬಾಡಿಗೆ, ಶನಿವಾರದ ತರಕಾರಿ ಅಂತ ನಾನು ಯಾವಾಗ ತೀರ್ಮಾನ ಮಾಡಿದೆನೋ ಗೊತ್ತಿಲ್ಲ.

ಮತ್ತೆ ಇದನ್ನೂ ಹೇಳಿಬಿಡುತ್ತೇನೆ. ವಿದ್ಯಾ ಜೊತೆ ನಾನೂ ಊರಿಗೆ ಬರಬಹುದಿತ್ತು. ರಜೆ ಸಿಗಲಿಲ್ಲ ಅಂತ ನಿನಗೂ ಹೇಳಿದೆ, ಅಮ್ಮನಿಗೂ ಹೇಳಿದೆ. ರಜೆ ಇತ್ತು ರಾಘು.

ಹೋದ ಸಲ ಊರಿಗೆ ಬಂದಾಗ ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ಆರು ಜನ ಸಿಕ್ಕರು. ಆರೂ ಜನ ಒಂದೇ ಉಸಿರಿನಲ್ಲಿ ಕೇಳಿದರು, "ಯಾವಾಗ ಬಂದ್ಯೋ? ಯಾವಾಗ ವಾಪಸ್ಸು?" ಪ್ರೀತಿಯಿಂದಲೇ ಕೇಳಿದ್ದು, ನನಗೆ ಗೊತ್ತು. ಮನೆಗೆ ಬಂದು ಸ್ನಾನಕ್ಕೆ ಹೊರಟೆ. ಅಮ್ಮ ಬೀರುವಿನಿಂದ ಹೊಸ ಟವೆಲ್ ತೆಗೆದುಕೊಟ್ಟಳು. ಅದರ ಮೂಲೆಯಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. "ನನ್ನ ಹಸಿರು ಟವೆಲ್ ಎಲ್ಲಿ?" ಅಂದೆ. "ಅದು ಒರೆಸೋ ಬಟ್ಟೆ ಆಗಿ ಎರಡು ವರ್ಷ ಆಯ್ತು ಮಗಾ" ಅಂದಳು. ಬಚ್ಚಲಿನಲ್ಲಿ ಹಂಡೆಯ ಮುಂದೆ ಆ ಹೊಸ ಟವೆಲ್ ಹಿಡಿದುಕೊಂಡು ತುಂಬಾ ಹೊತ್ತು ನಿಂತಿದ್ದೆ. ನಮ್ಮ ಮನೆಯಲ್ಲಿ ಹೊಸ ಟವೆಲ್ ತೆಗೆಯುವುದು ಯಾರು ಬಂದಾಗ ಅಂತ ನಿನಗೆ ಗೊತ್ತಲ್ಲ.

ಅಲ್ಲಿ ನೆಂಟ. ಇಲ್ಲಿಯೂ, ಕೇಳಿದವರಿಗೆ ಹತ್ತು ದಿನಕ್ಕೆ ಬಂದವನು. ಹಾಗಾದರೆ ನಾನು ಎಲ್ಲಿಯವನು ಅಂತ ಆ ಸಂಜೆ ಆಲ್ಬರ್ಟ್ ಹಾಲಿನಿಂದ ಸ್ಟೇಷನ್ನಿಗೆ ನಡೆಯುವಾಗ ಯೋಚನೆ ಹತ್ತಿತು. ಇನ್ನೂ ಇಳಿದಿಲ್ಲ. ಇದನ್ನು ವಿದ್ಯಾಗೆ ಹೇಳಿಲ್ಲ. ನಿನಗೆ ಹೇಳಬೇಕು ಅಂತಲೂ ಇರಲಿಲ್ಲ. ಬಸ್ ನಂಬರು ಬರೆಯಲು ಕೂತವನು ಎಲ್ಲಿಗೋ ಬಂದೆ. ಅಮ್ಮನಿಗೆ ಓದಿ ಹೇಳಬೇಡ. ಅವಳಿಗೆ ಮಗ ಬೇಜಾರು ಮಾಡಿಕೊಂಡ ಅನ್ನಿಸಬಾರದು. ಟವೆಲ್ ತುಂಬಾ ಚೆನ್ನಾಗಿತ್ತು. ಅದನ್ನೇ ಇಲ್ಲಿಗೆ ತಂದಿದ್ದೇನೆ, ಕೊಳಕ್ಕೆ ತಗೊಂಡು ಹೋದದ್ದೂ ಅದೇ.

ಸರಿ, ಈಗ ನಿನ್ನ ಕೆಲಸ. ನೀವು ಬರುವಾಗ ಪ್ರಾಮ್ಸ್ ಇನ್ನೂ ನಡೆಯುತ್ತಿರುತ್ತದೆ. ಒಂದು ಸಂಜೆ ನಾವಿಬ್ಬರೂ ಹೋಗೋಣ. ಅಜ್ಜಿ ಅಲ್ಲೇ, ಎಡಗಡೆ, ಕಂಬಿಯ ಹತ್ತಿರ ನಿಂತಿರುತ್ತಾರೆ. ನನ್ನ ಹತ್ತು ದಿನ ಯಾವತ್ತೋ ಮುಗಿದಿದೆ ಅಂತ ಅವರಿಗೆ ಹೇಳಬೇಕು, ನನ್ನ ಬಾಯಿಂದಲೇ ಹೇಳುತ್ತೇನೆ. ನೀನು ಪಕ್ಕದಲ್ಲಿರು, ಸಾಕು. ಅವರಿಗೆ ಕೊಡಲು ನಿಮ್ಮ ಮನೆಯ ಅಪ್ಪೆಮಿಡಿ ಒಂದು ಸಣ್ಣ ಬಾಟಲಿ ತಾ. ಖಾರ ಕಡಿಮೆ ಇರುವುದು.

ಚೀಟಿಯ ಐದನೆಯದು ಏನು ಅಂತ ಕೇಳುತ್ತೀಯ. ಓದಲು ಆಗುತ್ತಿಲ್ಲ. ಬರೆಯುವ ಹೊತ್ತಿಗೆ ಬೆಲ್ ಹೊಡೆಯಿತು, ಅಜ್ಜಿ ಎದ್ದು ನಿಂತು ಅವಸರದಲ್ಲಿ ಗೀಚಿದರು. ಮೊದಲ ಅಕ್ಷರ ಕೆ ಇರಬಹುದು, ಎಚ್ ಇರಬಹುದು. ದೀಪದ ಕೆಳಗೆ ಹಿಡಿದು ನೋಡಿದೆ, ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಇಪ್ಪತ್ತು ವರ್ಷದಿಂದ ಮೆಡಿಕಲ್ ಶಾಪಿನಲ್ಲಿ ಕೂತು ಡಾಕ್ಟರ ಅಕ್ಷರ ಓದಿದವನು ನೀನು. ಫೋಟೋ ಕಳಿಸುವುದಿಲ್ಲ. ಫ್ರಿಜ್ಜಿನ ಮೇಲೇ ಇರುತ್ತದೆ, ಬಂದು ಓದಿ ಹೇಳು. ಅಲ್ಲಿಗೆ ಹೋಗೋಣ.

ನಿನ್ನ,
ಸುಬ್ಬು