ಕಾದಿರಿಸದ ಕೋಣೆಗಳು, ಒಂದೇ ದಿನದಲ್ಲಿ 1,390 ಮೀಟರ್ ಏರಿಕೆ: ಅನ್ನಪೂರ್ಣ ಬೇಸ್ ಕ್ಯಾಂಪ್ ಚಾರಣದ ಬಗ್ಗೆ ದೂರು

ಮೈಸೂರು
20 ನವೆಂಬರ್ 2023

ಇವರಿಂದ:
ಆರು ಮಂದಿ ಚಾರಣಿಗರ ಪರವಾಗಿ, ತಂಡದ ಸಂಯೋಜಕಿ

ಇವರಿಗೆ:
ವ್ಯವಸ್ಥಾಪಕರು, ಚಾರಣ ಸಂಸ್ಥೆ, ಬೆಂಗಳೂರು

ವಿಷಯ: ಹಣ ಪಡೆದೂ ಲಾಡ್ಜ್ ಕೋಣೆಗಳನ್ನು ಕಾದಿರಿಸದೆ ಚಾರಣಿಗರ ಆರೋಗ್ಯಕ್ಕೆ ಅಪಾಯ ತಂದ ಸೇವಾ ನ್ಯೂನತೆ.

ಮಾನ್ಯರೇ,

ತಮ್ಮ ಸಂಸ್ಥೆಯ ಮೂಲಕ ಕಳೆದ ಅಕ್ಟೋಬರ್ 22ರಿಂದ 28ರವರೆಗೆ ನೇಪಾಳದ ಅನ್ನಪೂರ್ಣ ಬೇಸ್ ಕ್ಯಾಂಪ್ ಚಾರಣಕ್ಕೆ ಹೋಗಿದ್ದ ಮೈಸೂರಿನ ಆರು ಮಂದಿ ಸ್ನೇಹಿತರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಇದೇ ವಿಷಯವಾಗಿ ಅಕ್ಟೋಬರ್ 31ರಂದು ನಾನು ಕಳಿಸಿದ ಇಮೇಲ್‌ಗೆ ನವೆಂಬರ್ 6ರಂದು ತಮ್ಮ ಕಚೇರಿಯಿಂದ ಉತ್ತರ ಬಂದಿತು. ಪರ್ವತದಲ್ಲಿ ಎಲ್ಲವೂ ಅನಿಶ್ಚಿತ, ಬೆಟ್ಟ ಏರಿದಾಗ ಬರುವ ಎತ್ತರದ ಕಾಯಿಲೆ ಅವರವರ ದೇಹಪ್ರಕೃತಿಗೆ ಬಿಟ್ಟದ್ದು, ಹಾಗಾಗಿ ಹಣ ಹಿಂತಿರುಗಿಸಲು ಆಗದು ಎಂಬುದು ಅದರ ಸಾರಾಂಶ. ಆ ಉತ್ತರವನ್ನು ನಾವು ಒಪ್ಪುವುದಿಲ್ಲ. ನಮ್ಮ ಏಳು ದಿನಗಳಲ್ಲಿ ಒಂದು ಹನಿ ಮಳೆ ಬೀಳಲಿಲ್ಲ, ದಾರಿ ಎಲ್ಲಿಯೂ ಕುಸಿದಿರಲಿಲ್ಲ. ನಮಗೆ ತೊಂದರೆಯಾದದ್ದು ಪರ್ವತದಿಂದಲ್ಲ. ಕೋಣೆ ಕಾದಿರಿಸುವ ಕೆಲಸವನ್ನು ತಾವು ಮಾಡದೆ ಬಿಟ್ಟದ್ದರಿಂದ.

ನಾವು ತಮ್ಮ ಸಂಸ್ಥೆಯನ್ನೇ ಆರಿಸಿಕೊಂಡದ್ದು ತಮ್ಮ ಕಾರ್ಯಕ್ರಮ ಪಟ್ಟಿಯನ್ನು ನೋಡಿ. ಘಾಂದ್ರುಕ್, ಛೋಮ್ರೋಂಗ್, 2,600 ಮೀಟರ್ ಎತ್ತರದ ದೋಭಾನ್, 3,230 ಮೀಟರ್‌ನ ದೇವುರಾಲಿ, 3,700 ಮೀಟರ್‌ನ ಮಚ್ಛಾಪುಛ್ರೆ ಬೇಸ್ ಕ್ಯಾಂಪ್ ಹೀಗೆ ಒಂದೊಂದು ರಾತ್ರಿ ತಂಗುತ್ತಾ ಹೋಗಿ, ಆರನೆಯ ದಿನ ಬೆಳಿಗ್ಗೆ 4,130 ಮೀಟರ್‌ನಲ್ಲಿರುವ ಅನ್ನಪೂರ್ಣ ಬೇಸ್ ಕ್ಯಾಂಪನ್ನು ನೋಡಿಕೊಂಡು ಇಳಿಯುವುದು ಅದರ ಕ್ರಮವಾಗಿತ್ತು. ಬೇರೆ ಕೆಲವು ಸಂಸ್ಥೆಗಳು ಇದಕ್ಕಿಂತ ಕಡಿಮೆ ಹಣಕ್ಕೆ, ದೇವುರಾಲಿಯಿಂದ ಒಂದೇ ದಿನದಲ್ಲಿ ಮೇಲಿನವರೆಗೂ ಕರೆದೊಯ್ಯುವುದಾಗಿ ಹೇಳಿದ್ದವು, ನಾವು ಬೇಡವೆಂದೆವು. ಏಕೆಂದರೆ ನಮ್ಮ ಅನುಭವವೆಲ್ಲ ಕುಮಾರಪರ್ವತ, ತಡಿಯಂಡಮೋಳ್, ಕುದುರೆಮುಖಗಳದ್ದು. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಅಂದರೆ ಛೋಮ್ರೋಂಗ್‌ನಲ್ಲಿ ಮಲಗಿದ ರಾತ್ರಿಯೇ ನಾವು ನಮ್ಮ ನಾಡಿನ ಯಾವ ಬೆಟ್ಟದ ತುದಿಗಿಂತಲೂ ಮೇಲಿದ್ದೆವು. ಇಂಥವರಿಗೆ ನಿಧಾನವಾಗಿ ಏರುವುದೊಂದೇ ರಕ್ಷಣೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದೆಂಬುದು ಪರ್ವತ ವೈದ್ಯಕೀಯದ ಪ್ರಸಿದ್ಧ ಸೂತ್ರ. ತಮ್ಮ ಪಟ್ಟಿಯಲ್ಲಿ ದೇವುರಾಲಿಯಿಂದ ಮುಂದಿನ ತಂಗುದಾಣಕ್ಕೆ ಇದ್ದ ವ್ಯತ್ಯಾಸ 470 ಮೀಟರ್. ಆ ಲೆಕ್ಕವನ್ನು ನೋಡಿಯೇ ತಲಾ 36,000 ರೂಪಾಯಿಯಂತೆ ಒಟ್ಟು 2,16,000 ರೂಪಾಯಿಗಳನ್ನು ಆಗಸ್ಟ್ ತಿಂಗಳಿನಲ್ಲಿಯೇ ಪೂರ್ಣವಾಗಿ ಪಾವತಿಸಿದೆವು. ಎಲ್ಲ ರಾತ್ರಿಗಳಿಗೂ ಕೋಣೆ ಖಚಿತವಾಗಿದೆ ಎಂಬ ತಮ್ಮ ಸೆಪ್ಟೆಂಬರ್ ತಿಂಗಳ ಇಮೇಲ್‌ನ ಪ್ರತಿಯನ್ನು ಲಗತ್ತಿಸಿದ್ದೇನೆ.

ಅಕ್ಟೋಬರ್ 24ರ ಸಂಜೆ ದೋಭಾನ್ ತಲುಪಿದಾಗ ಲಾಡ್ಜ್‌ನ ಯಜಮಾನರು ಕೋಣೆ ಕಾದಿರಿಸುವ ಪುಸ್ತಕವನ್ನು ತೆರೆದು ತೋರಿಸಿದರು. ಅದರಲ್ಲಿ ತಮ್ಮ ಸಂಸ್ಥೆಯ ಹೆಸರಾಗಲಿ, ಗೈಡ್‌ನ ಹೆಸರಾಗಲಿ ಇರಲಿಲ್ಲ. ಉಳಿದ ಲಾಡ್ಜ್‌ಗಳೂ ತುಂಬಿದ್ದವು. ಹತ್ತಿ ಬಂದ ದಾರಿಯಲ್ಲೇ ಕತ್ತಲಾಗುವ ಹೊತ್ತಿಗೆ ಕೆಳಗಿಳಿದು 2,310 ಮೀಟರ್‌ನ ಬ್ಯಾಂಬೂನಲ್ಲಿ ಒಂದೇ ಕೋಣೆಯಲ್ಲಿ ಆರು ಜನ ಮಲಗಿದೆವು. ಛೋಮ್ರೋಂಗ್ ದಾಟಿದ ಮೇಲೆ ಆ ಕಣಿವೆಯ ತಂಗುದಾಣಗಳಲ್ಲಿ ಲಾಡ್ಜ್‌ಗಳ ಸಂಖ್ಯೆ ಸೀಮಿತವೆಂಬುದು ತಮಗೆ ತಿಳಿಯದ ಸಂಗತಿಯೇನಲ್ಲ. ಅಕ್ಟೋಬರ್ ಅಲ್ಲಿ ಅತ್ಯಂತ ದಟ್ಟಣೆಯ ತಿಂಗಳು. ಆ 24ನೆಯ ತಾರೀಖು ನಮಗೆ ವಿಜಯದಶಮಿಯಾದಂತೆ ನೇಪಾಳದವರಿಗೆ ದಶೈನ್ ಹಬ್ಬದ ಮುಖ್ಯ ದಿನ. ಮೈಸೂರಿನಲ್ಲಿ ಜಂಬೂಸವಾರಿ ನಡೆಯುವ ದಿನ ನಾವು ಊರಿನಲ್ಲಿಲ್ಲದೆ ಇರಲು ಒಪ್ಪಿದ್ದು ದಸರಾ ರಜೆ ಸಿಗುತ್ತದೆಂಬ ಒಂದೇ ಕಾರಣಕ್ಕೆ. ಪಂಚಾಂಗದಲ್ಲಿ ವರ್ಷಕ್ಕೆ ಮೊದಲೇ ಅಚ್ಚಾಗಿರುವ ಹಬ್ಬವನ್ನು ಅನಿರೀಕ್ಷಿತ ಸಂದರ್ಭವೆಂದು ತಮ್ಮ ಉತ್ತರದಲ್ಲಿ ಬರೆದಿರುವುದು ಸರಿಯಲ್ಲ.

ಮರುದಿನ ನಡೆದದ್ದೇ ಈ ದೂರಿನ ಮುಖ್ಯ ಭಾಗ. ಬೆಳಿಗ್ಗೆ ಎಂಟಕ್ಕೆ ಬ್ಯಾಂಬೂ ಬಿಟ್ಟು, ಹಿಮಾಲಯವೆಂಬ ಹೆಸರಿನ ತಂಗುದಾಣದಲ್ಲಿ ವಿಚಾರಿಸಿ, ಅಲ್ಲಿಯೂ ಜಾಗವಿಲ್ಲದೆ ಮುಂದುವರಿದು ಮಧ್ಯಾಹ್ನ ಎರಡೂವರೆಗೆ ದೇವುರಾಲಿ ಸೇರಿದೆವು. ಅಲ್ಲಿಯೂ ನಮ್ಮ ಹೆಸರಿನಲ್ಲಿ ಕೋಣೆ ಇರಲಿಲ್ಲ. ದಟ್ಟಣೆಯ ದಿನಗಳಲ್ಲಿ ಲಾಡ್ಜ್‌ನ ಊಟದ ಕೋಣೆಯಲ್ಲಿ ಮಲಗುವುದು ಸಾಮಾನ್ಯವೆಂದು ತಾವು ಬರೆದಿದ್ದೀರಿ. ಅದು ನಿಜ, ಅದರ ಬಗ್ಗೆ ನಮಗೆ ಯಾವ ತಕರಾರೂ ಇಲ್ಲ. ದೇವುರಾಲಿಯ ಊಟದ ಕೋಣೆಯ ಬೆಂಚಿನ ಮೇಲೆ ಮಲಗಲು ಜಾಗ ಕೊಡಿರೆಂದು ನಾವೇ ಕೈಮುಗಿದು ಕೇಳಿದೆವು. ಆ ಬೆಂಚುಗಳನ್ನೂ ಹಿಂದಿನ ದಿನ ಫೋನ್ ಮಾಡಿದ್ದ ಬೇರೆ ತಂಡಗಳಿಗೆ ಕೊಟ್ಟಾಗಿತ್ತು. ಒಂದು ಫೋನ್ ಕರೆಯಿಂದ ಆಗಬಹುದಾಗಿದ್ದ ಕೆಲಸ ಅದು. ಇನ್ನೆರಡು ಗಂಟೆ ನಡೆದರೆ ಮೇಲೆ ಜಾಗ ಸಿಗುತ್ತದೆಂದು ಗೈಡ್ ಹೇಳಿದರು. ಆ ಹೊತ್ತಿನಲ್ಲಿ ಎರಡು ತಂಗುದಾಣಗಳನ್ನು ದಾಟಿ ಬ್ಯಾಂಬೂಗೆ ಮರಳುವಷ್ಟು ಬೆಳಕು ಉಳಿದಿರಲಿಲ್ಲವಾದ್ದರಿಂದ ಮೇಲಕ್ಕೆ ಹೊರಟೆವು. ಸಂಜೆ ಐದೂವರೆಗೆ ಮಚ್ಛಾಪುಛ್ರೆ ಬೇಸ್ ಕ್ಯಾಂಪ್ ತಲುಪಿದಾಗ, 2,310 ಮೀಟರ್‌ನಲ್ಲಿ ಎದ್ದವರು 3,700 ಮೀಟರ್‌ನಲ್ಲಿ ಮಲಗಬೇಕಾಗಿತ್ತು. ತಮ್ಮ ಪಟ್ಟಿ ಎರಡು ದಿನಗಳಿಗೆ ಹಂಚಿದ್ದ ಏರಿಕೆಯನ್ನೂ, ಅದರ ಮೇಲೆ ದೋಭಾನ್‌ವರೆಗಿನ 290 ಮೀಟರ್‌ಗಳನ್ನೂ ನಾವು ಒಂದೇ ಹಗಲಿನಲ್ಲಿ ಏರಿದ್ದೆವು.

ರಾತ್ರಿ ಒಂಬತ್ತರ ಹೊತ್ತಿಗೆ ನಮ್ಮ ಗೆಳತಿಯೊಬ್ಬಳಿಗೆ ತಡೆಯಲಾರದ ತಲೆನೋವು ಶುರುವಾಯಿತು. ಹನ್ನೊಂದರೊಳಗೆ ನಾಲ್ಕು ಸಲ ವಾಂತಿಯಾಯಿತು. ಶೌಚಕ್ಕೆ ಕರೆದೊಯ್ಯುವಾಗ ಅವಳ ಹೆಜ್ಜೆ ತೂಗಾಡುತ್ತಿತ್ತು. ಪ್ರತಿ ತಂಡದ ಜೊತೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮತ್ತು ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಇರುತ್ತದೆಂದು ತಮ್ಮ ಪಟ್ಟಿಯ ಎರಡನೆಯ ಪುಟದಲ್ಲಿದೆ. ನಮ್ಮ ಗೈಡ್ ಬಳಿ ಎರಡೂ ಇರಲಿಲ್ಲ. ಪಕ್ಕದ ತಂಡದವರಿಂದ ಆಕ್ಸಿಮೀಟರ್ ಎರವಲು ತಂದು ನೋಡಿದಾಗ ಅದು ಶೇಕಡಾ 74 ತೋರಿಸಿತು. ಗೈಡ್ ಬೆಳ್ಳುಳ್ಳಿ ಸೂಪ್ ಮಾಡಿಸಿ ತಂದುಕೊಟ್ಟು, ಬೆಳಗಿನ ನಾಲ್ಕಕ್ಕೆ ಎದ್ದು ಮೇಲೆ ಹೋದರೆ ಸರಿಹೋಗುತ್ತದೆ ಎಂದರು. ಇದಕ್ಕಿಂತ ಅಪಾಯಕಾರಿ ಸಲಹೆ ಇನ್ನೊಂದಿಲ್ಲ. ಇಂಥ ಲಕ್ಷಣ ಕಂಡಾಗ ಮಾಡಬೇಕಾದ ಮೊದಲ ಕೆಲಸ ಕೆಳಗಿಳಿಯುವುದು. ಆ ರಾತ್ರಿಯಿಡೀ ನಾವಿಬ್ಬರು ಅವಳನ್ನು ಒರಗಿಸಿ ಕೂರಿಸಿಕೊಂಡು, ಉಸಿರು ಎಣಿಸುತ್ತಾ ಬೆಳಕಿಗಾಗಿ ಕಾದೆವು. ಮನೆಯಲ್ಲಿ ಅವಳ ತಾಯಿಗೆ ಏನು ಹೇಳುವುದೆಂಬ ಯೋಚನೆ ಬೆಳಗಿನವರೆಗೂ ನನ್ನನ್ನು ಬಿಡಲಿಲ್ಲ. ನಸುಕಾದ ಕೂಡಲೇ ಒಬ್ಬ ಪೋರ್ಟರ್ ಜೊತೆ ಅವಳನ್ನು ಇಳಿಸಲಾರಂಭಿಸಿದೆವು. ದೇವುರಾಲಿಗೆ ಬರುವಷ್ಟರಲ್ಲಿ ವಾಂತಿ ನಿಂತಿತು, ಹಿಮಾಲಯದಲ್ಲಿ ಅರ್ಧ ತಟ್ಟೆ ಅನ್ನ ಬೇಳೆ ತಿಂದಳು. ಪೋಖರಾ ನಗರದಲ್ಲಿ 28ರ ಸಂಜೆ ಪರೀಕ್ಷಿಸಿದ ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ, ಅತಿ ವೇಗದ ಏರಿಕೆಯಿಂದ ಉಂಟಾದ ಎತ್ತರದ ಕಾಯಿಲೆ ಎಂದು ಸ್ಪಷ್ಟವಾಗಿದೆ. ಅದರ ಪ್ರತಿಯೂ ಇದರೊಂದಿಗಿದೆ. ದೇಹಪ್ರಕೃತಿಯ ಮಾತನ್ನು ಅದಾದರೂ ಬಗೆಹರಿಸಲಿ.

ಆರು ಜನರಲ್ಲಿ ಮೂವರು ಹೀಗೆ ಅನ್ನಪೂರ್ಣ ಬೇಸ್ ಕ್ಯಾಂಪನ್ನು ನೋಡದೆ ಮರಳಿದೆವು. ಎರಡು ಗಂಟೆಯ ದೂರದಲ್ಲಿತ್ತು ಅದು. ಆ ಗೆಳತಿ ಎರಡು ವರ್ಷ ಹಣ ಕೂಡಿಟ್ಟು, ಆರು ತಿಂಗಳು ಪ್ರತಿ ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಸಿದ್ಧಳಾಗಿದ್ದಳು.

ಗೈಡ್ ವಿಷಯದಲ್ಲಿ ಒಂದು ಮಾತನ್ನು ಖಚಿತವಾಗಿ ಹೇಳಬೇಕಿದೆ. ಅವರ ಮೇಲೆ ತಪ್ಪು ಹೊರಿಸಿ ತಾವು ಈ ಪ್ರಕರಣವನ್ನು ಮುಗಿಸಬಾರದು. ಮೊದಲು ಗೊತ್ತಾಗಿದ್ದ ಗೈಡ್ ಹಬ್ಬಕ್ಕೆಂದು ಊರಿಗೆ ಹೋದದ್ದರಿಂದ ಇವರನ್ನು ಎರಡು ದಿನ ಮುಂಚೆಯಷ್ಟೇ ಗೊತ್ತುಮಾಡಿ, ಕೋಣೆಗಳನ್ನು ದಾರಿಯಲ್ಲಿ ನೋಡಿಕೊಳ್ಳುವಂತೆ ಹೇಳಲಾಗಿತ್ತಂತೆ. ಹಬ್ಬದ ದಿನ ಮನೆಮಂದಿಯನ್ನು ಬಿಟ್ಟು ಬಂದ ಆ ಮನುಷ್ಯ ಪ್ರತಿ ಲಾಡ್ಜ್‌ನ ಬಾಗಿಲಿನಲ್ಲೂ ನಮಗಾಗಿ ಅಂಗಲಾಚುವುದನ್ನು ಕಣ್ಣಾರೆ ಕಂಡಿದ್ದೇವೆ. ತರಬೇತಿಯನ್ನೂ ಸಲಕರಣೆಯನ್ನೂ ಕೊಡದೆ ಕಳಿಸಿದ್ದು ತಮ್ಮ ಸಂಸ್ಥೆ.

ಪೋರ್ಟರ್‌ಗಳ ವಿಷಯವೂ ಹಾಗೆಯೇ. ಇಬ್ಬರು ಚಾರಣಿಗರಿಗೆ ಒಬ್ಬರಂತೆ ಮೂವರು ಪೋರ್ಟರ್‌ಗಳಿಗೆ ಹಣ ಪಡೆದು ಇಬ್ಬರನ್ನು ಮಾತ್ರ ಕಳಿಸಿದಿರಿ. ನಮ್ಮ ಒಂದೊಂದು ಚೀಲವೂ 12 ಕಿಲೋ ಇತ್ತು. ಮೂರು ಚೀಲ ಕಟ್ಟಿದರೆ 36 ಕಿಲೋ. ಒಬ್ಬ ಪೋರ್ಟರ್ 24 ಕಿಲೋಗಿಂತ ಹೆಚ್ಚು ಹೊರುವುದಿಲ್ಲವೆಂದು ತಮ್ಮ ಪಟ್ಟಿಯೇ ಹೇಳುತ್ತದೆ. ಇದು ತಿಳಿದ ಮೊದಲ ದಿನವೇ ನಾವು ಒಂದು ಚೀಲದ ಸಾಮಾನನ್ನು ನಮ್ಮ ನಮ್ಮ ಬೆನ್ನಿಗೆ ಹಂಚಿಕೊಂಡೆವು. ಆದರೂ ಅವರಿಬ್ಬರು ಹೊತ್ತದ್ದು ಒಪ್ಪಿದ್ದಕ್ಕಿಂತ ಹೆಚ್ಚೇ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಗುರಿ ತಲುಪಲಾಗದೆ ಮರಳಿದ ಮೂವರು ಪಾವತಿಸಿದ ಹಣದ ಅರ್ಧವನ್ನು, ಅಂದರೆ 54,000 ರೂಪಾಯಿಗಳನ್ನು, ಹಾಗೂ ಪೋಖರಾದ ವೈದ್ಯಕೀಯ ವೆಚ್ಚವನ್ನು ಹಿಂತಿರುಗಿಸಬೇಕು. ಬಾರದ ಮೂರನೆಯ ಪೋರ್ಟರ್‌ನ ಏಳು ದಿನಗಳ ಕೂಲಿ ನಮಗೆ ಬೇಡ. ಅದನ್ನು ಹೊರೆ ಹೊತ್ತ ಆ ಇಬ್ಬರಿಗೆ ಸಮವಾಗಿ ಕೊಟ್ಟು ರಸೀದಿಯ ಪ್ರತಿಯನ್ನು ನಮಗೆ ಕಳಿಸಬೇಕು. ಮುಂದಿನ ತಂಡಗಳಿಗೆ ಲಾಡ್ಜ್‌ಗಳ ಹೆಸರು ಮತ್ತು ಕಾದಿರಿಸಿದ ದಿನಾಂಕವನ್ನು ಹೊರಡುವ ಮೊದಲೇ ಬರವಣಿಗೆಯಲ್ಲಿ ಕೊಡುವುದಾಗಿ ತಾವು ಒಪ್ಪಬೇಕು. ತಮ್ಮ ಜಾಲತಾಣದಲ್ಲಿ ಏಪ್ರಿಲ್ ತಿಂಗಳ ಚಾರಣಕ್ಕೆ ಇದೇ ಪಟ್ಟಿ ಈಗಲೂ ಇರುವುದರಿಂದ, ಈ ಮೂರನೆಯ ಬೇಡಿಕೆಯನ್ನು ಹಣಕ್ಕಿಂತಲೂ ಮುಖ್ಯವೆಂದು ಭಾವಿಸಿದ್ದೇವೆ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇವೆ. ದೂರುದಾರರು ವಾಸಿಸುವ ಊರಿನಲ್ಲಿಯೇ ಮೊಕದ್ದಮೆ ಹೂಡಲು ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಅವಕಾಶ ನೀಡಿರುವುದರಿಂದ, ಆ ನಂತರ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗುತ್ತೇವೆ. ಪಾವತಿಯ ರಸೀದಿ, ಕೋಣೆ ಖಚಿತಪಡಿಸಿದ ಇಮೇಲ್, ವೈದ್ಯರ ಚೀಟಿ ಮತ್ತು ದೋಭಾನ್ ಲಾಡ್ಜ್‌ನ ಪುಸ್ತಕದ ಆ ದಿನದ ಪುಟದ ಛಾಯಾಚಿತ್ರವನ್ನು ಇದರೊಂದಿಗೆ ಲಗತ್ತಿಸಿದೆ.

ಇತಿ ತಮ್ಮ ವಿಶ್ವಾಸಿ,
ತಂಡದ ಸಂಯೋಜಕಿ
(ಆರೂ ಮಂದಿಯ ಸಹಿಗಳೊಂದಿಗೆ)