ಹಲಗಲಿಯ ಹತ್ತೊಂಬತ್ತು ಮಂದಿಯ ಹೆಸರು ಹುಡುಕಿಸಿ, ಸಚಿವರೇ

ಬಾಗಲಕೋಟೆ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ.

ಈ ಪತ್ರ ಮುಧೋಳ ತಾಲೂಕಿನ ಹಲಗಲಿಯ ಬಗ್ಗೆ. ಹಲಗಲಿ ಅಂದ ಕೂಡಲೇ ಶಾಲೆಯಲ್ಲಿ ‘ಹಲಗಲಿ ಬೇಡರು’ ಲಾವಣಿ ಓದಿದವರಿಗೆ ನಾಲ್ಕು ಹೆಸರು ನೆನಪಿಗೆ ಬರುತ್ತವೆ. ಪೂಜೇರಿ ಹನುಮ, ಬ್ಯಾಡರ ಬಾಲ, ಜಡಗ, ರಾಮ. ಆದರೆ 1857ರ ಡಿಸೆಂಬರ್‌ನಲ್ಲಿ ಕುಂಪಣಿ (ಈಸ್ಟ್ ಇಂಡಿಯಾ ಕಂಪನಿ) ಸರಕಾರ ಗಲ್ಲಿಗೇರಿಸಿದ್ದು 19 ಮಂದಿಯನ್ನು. 11ನೇ ತಾರೀಖು ಮುಧೋಳದಲ್ಲಿ 13 ಜನ, 14ರಂದು ಹಲಗಲಿಯಲ್ಲೇ 6 ಜನ. ಮಿಕ್ಕವರು ಯಾರು? ಯಾರ ಮಕ್ಕಳು? ನಮ್ಮ ಭಾಷಣಗಳಲ್ಲಿ ಅವರು 'ಮತ್ತಿತರರು' ಅಷ್ಟೇ. ಆ ಹೆಸರುಗಳನ್ನು ಹುಡುಕಿಸಿ, ಎರಡೂ ಊರುಗಳಲ್ಲಿ ಕಲ್ಲಿನ ಮೇಲೆ ಕೆತ್ತಿಸಿ ಎಂದು ಕೇಳುತ್ತಿದ್ದೇನೆ.

ಇವರು ಹಲಗಲಿಯ ಬೇಡರು. ರಾಜರಲ್ಲ, ದೇಸಾಯಿಗಳಲ್ಲ. ಇವರಿಗೆ ಕೋಟೆ ಇರಲಿಲ್ಲ, ದಂಡು ಇರಲಿಲ್ಲ. ಬೇಟೆ, ಕಾವಲು ಇವರ ಬದುಕು. ಆ ವರ್ಷ ಹತಾರ ಒಪ್ಪಿಸಬೇಕು, ಇಟ್ಟುಕೊಳ್ಳುವುದಾದರೆ ಪರವಾನಗಿ ಪಡೆಯಬೇಕು ಎಂಬ ಕಾನೂನು ಬಂತು. ಕೈಯಲ್ಲಿದ್ದ ಹತಾರ ಕೊಟ್ಟರೆ ಹೊಟ್ಟೆಪಾಡೂ ಹೋಯಿತು, ಮಾನವೂ ಹೋಯಿತು. ಕೊಡುವುದಿಲ್ಲ ಅಂದರು. ಕೇಳಲು ಬಂದ ಕಾರಕೂನನ ಕಪಾಳಕ್ಕೆ ಹೊಡೆದರು ಎಂದು ಲಾವಣಿ ಹೇಳುತ್ತದೆ. ನವೆಂಬರ್ ಕೊನೆಯಲ್ಲಿ ಕುದುರೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು.

ಲಾವಣಿಯಲ್ಲಿ ನನ್ನನ್ನು ಜಾಸ್ತಿ ಕಾಡುವುದು ಕಾಳಗದ ಭಾಗ ಅಲ್ಲ, ಲೂಟಿಯ ಪಟ್ಟಿ. ಬಂಗಾರ ತುಂಬಿದ ಪೆಟ್ಟಿಗೆಗಳ ಮಾತೇ ಅಲ್ಲಿಲ್ಲ. ಕೊಡಲಿ, ಕುಡ, ಮೊಸರು, ಬೆಣ್ಣೆ, ಉಪ್ಪು, ಅರಿಸಿನ, ಜೀರಿಗೆ, ಗಂಗಾಳ, ಚರಿಗೆ, ಮಂಗಳಸೂತ್ರ, ಬೀಸುವ ಕಲ್ಲು. ಬೀಸುವ ಕಲ್ಲನ್ನೂ ಬಿಡಲಿಲ್ಲ! ಜೋಳದ ರೊಟ್ಟಿ ತಿಂದು ಬೆಳೆದ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಸತ್ತವರ ಮನೆಯ ಹೆಂಗಸರಿಗೆ ಮಾರನೆಯ ದಿನ ಹಿಟ್ಟು ಬೀಸಿಕೊಳ್ಳಲೂ ದಾರಿ ಇರಲಿಲ್ಲ. ಹಾಡು ಕಟ್ಟಿದವರು ಮನೆಮನೆಯ ಸಾಮಾನನ್ನು ಮರೆಯದೆ ಹೇಳಿದ್ದಾರೆ. ಮನೆಯ ಯಜಮಾನರ ಹೆಸರನ್ನಾದರೂ ನಾವು ಹುಡುಕಬೇಡವೇ?

ಆ ಲಾವಣಿಯನ್ನು ಕಾಗದಕ್ಕಿಳಿಸಿ ಅಚ್ಚು ಹಾಕಿಸಿದವರು ಜೆ. ಎಫ್. ಫ್ಲೀಟ್, ಅದೇ ಆಂಗ್ಲರ ಸರಕಾರದ ಅಧಿಕಾರಿ. ಅವರಿಗೆ ನಾನು ಋಣಿ. ನಮ್ಮದೇ ಸರಕಾರ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬಹುದು.

ಕೆಲಸ ದೊಡ್ಡದೇನಲ್ಲ. ಮುಧೋಳ ಆಗ ಘೋರ್ಪಡೆಯವರ ಸಂಸ್ಥಾನ. ಸುತ್ತಲಿನ ಸೀಮೆಯ ಆಡಳಿತ ಮುಂಬೈ ಸರಕಾರದ ಕೈಯಲ್ಲಿತ್ತು. ಗಲ್ಲಿಗೆ ಹಾಕಿದ ಸರಕಾರ ಲೆಕ್ಕ ಬರೆಯದೆ ಬಿಟ್ಟಿರಲಾರದು. ಮುಂಬೈ ಪ್ರಾಂತ್ಯದ ಹಳೆಯ ದಫ್ತರಗಳು ಇವತ್ತು ಮುಂಬೈಯಲ್ಲಿ ಮಹಾರಾಷ್ಟ್ರ ಸರಕಾರದ ಪತ್ರಾಗಾರದಲ್ಲಿವೆ. ಇಂಗ್ಲಿಷ್ ಕಡತ ಓದುವ ಒಬ್ಬರನ್ನು, ಹಳೆಯ ಮರಾಠಿ ಕಡತಗಳ ಮೋಡಿ ಲಿಪಿ ಬಲ್ಲ ಇನ್ನೊಬ್ಬರನ್ನು ಅಲ್ಲಿಗೆ ಕಳಿಸಿ. ಮೋಡಿ ಬಲ್ಲವರು ವರ್ಷ ಕಳೆದಂತೆ ಕಡಿಮೆಯಾಗುತ್ತಿದ್ದಾರೆ, ಅದಕ್ಕೇ ಇಷ್ಟು ಅವಸರ ಮಾಡುತ್ತಿದ್ದೇನೆ. ಜೊತೆಗೆ ಹಲಗಲಿಯ ಹಿರಿಯರನ್ನೂ ಕೇಳಿಸಿ. ಮನೆತನದ ನೆನಪು ಕಡತಕ್ಕೆ ಸಿಗದ್ದನ್ನು ಹೇಳಬಹುದು. ಎರಡನ್ನೂ ಹೋಲಿಸಿ ನೋಡಿ ಪಟ್ಟಿ ಮಾಡಲಿ.

ಮೂರ್ತಿ, ವೃತ್ತ, ಜಯಂತಿ ಎಲ್ಲ ಬೇರೆ ಮಾತು, ಅವು ಬೇಡ ಅನ್ನುವುದಿಲ್ಲ. ಆದರೆ ನಾಲ್ವರಿಗೆ ಹಾರ ಹಾಕಿ ಉಳಿದವರನ್ನು ಸುಮ್ನೆ ಬಿಟ್ಟುಬಿಡುವುದು ನ್ಯಾಯವಲ್ಲ. ಅದೇ ಡಿಸೆಂಬರ್‌ನಲ್ಲಿ, ಹಗ್ಗಕ್ಕೆ ಕೊರಳು ಕೊಟ್ಟವರು ಅವರು.

ಬರುವ ಡಿಸೆಂಬರ್ 11ರೊಳಗೆ ಮುಂಬೈಗೆ ಜನ ಹೋಗಿ ಹುಡುಕಿ ಬರುವಂತೆ ನಿಮ್ಮ ಕಚೇರಿಯಿಂದ ಒಂದು ಆದೇಶ ಹೊರಡಲಿ. ಸಿಕ್ಕ ಹೆಸರುಗಳನ್ನು ಅಂದು ಮುಧೋಳದಲ್ಲಿ, 14ರಂದು ಹಲಗಲಿಯಲ್ಲಿ ಗಟ್ಟಿಯಾಗಿ ಓದಿಸಿ. ಸಿಗದ ಹೆಸರುಗಳಿಗೆ ಕಲ್ಲಿನ ಮೇಲೆ ಜಾಗ ಬಿಟ್ಟಿರಿ.

ಇಂತಿ ನಿಮ್ಮ ವಿಶ್ವಾಸಿ,
ಇದೇ ಜಿಲ್ಲೆಯ ಒಬ್ಬ ಕನ್ನಡ ಮೇಷ್ಟ್ರು